ಗಿಳಿಯ ಮೈಗೆ ಅಮ್ಮನ ಸೀರೆ

ನಾಮಕರಣಕ್ಕೆ ಇನ್ನು ನಾಲ್ಕು ದಿನ ಉಳಿದಿತ್ತು. ಸಂಗೀತಾಳ ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಹೊಲಿದು ಕೆಟ್ಟ ಮೂರು ಬಟ್ಟೆಯ ಗಿಳಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು.

ಮೊದಲನೆಯದು ಗುಬ್ಬಿಯಷ್ಟೇ ಆಗಿತ್ತು. ಮಗಳು ಗಾನವಿ ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಗಿಳಿಯ ನಕ್ಷೆಯ ಪ್ರಿಂಟ್ ತೆಗೆಸುವಾಗ, ಹಾಳೆಯೊಳಗೆ ಹಿಡಿಸಲಿ ಎಂದು ಕಂಪ್ಯೂಟರೇ ಅದನ್ನು ಕುಗ್ಗಿಸಿಬಿಟ್ಟಿತ್ತು. ಹೊಲಿದು ಮುಗಿಸಿ, ಕೌದಿಯ ಉಳಿದ ಚೌಕಗಳ ನಡುವೆ ಇಟ್ಟು ನೋಡಿದಾಗಲೇ ಸುತ್ತಲೂ ಎರಡೆರಡು ಬೆರಳು ಕಡಿಮೆ ಎಂದು ತಿಳಿದದ್ದು. ಎರಡನೆಯದನ್ನು ಸಂಗೀತಾ ಲಂಗ ಹೊಲಿಯುವ ಹಾಗೆ ದೊಡ್ಡ ಹೊಲಿಗೆಯಲ್ಲಿ ಓಡಿಸಿದ್ದಳು. ಕೊನೆಗೆ ಹಿಂದೆ ಇಟ್ಟು ಹೊಲಿದಿದ್ದ ನಕ್ಷೆಯ ಕಾಗದ ಹರಿದು ತೆಗೆಯಹೋದರೆ ಕಾಗದದ ಜೊತೆ ದಾರವೂ ಜಗ್ಗಿ, ಗಿಳಿಯ ಕತ್ತು ಸಡಿಲವಾಯಿತು. ಮೂರನೆಯದರ ಕೊಕ್ಕಿಗೆ ಇಟ್ಟ ಕೆಂಪು ಚೂರು ತೀರಾ ಚಿಕ್ಕದಾಗಿ, ಹೊಲಿಗೆಗೆ ಸಿಗದೆ ಕಳಚಿಕೊಂಡಿತ್ತು.

ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ನೀರು ಹಾಕಲು ದಿನಾ ಬೆಳಿಗ್ಗೆ ಬರುತ್ತಿದ್ದ ತಿಮ್ಮಕ್ಕ, ಆ ಮೂರನೆಯದನ್ನು ಎತ್ತಿ ಹಿಡಿದು ನೋಡಿದಳು.

"ಕೊಕ್ಕಿಲ್ದೆ ಇರೋದೇ ಒಳ್ಳೇದು ಬಿಡವ್ವ. ಸುಮ್ನಿರ್ತದೆ."

"ನಗು ತಿಮ್ಮಕ್ಕ, ನಗು. ಇವತ್ತು ಒಂದು ಹೊಲೀತೀನಿ, ಮಾತಾಡ್ಬೇಕು ಅದು."

"ನಿನ್ ಕೌದಿ ಮುಗಿಯೋ ಹೊತ್ಗೆ ಮಗ ಎದ್ದು ಇಸ್ಕೂಲಿಗೆ ಹೋಯ್ತದೆ," ಎನ್ನುತ್ತ ತಿಮ್ಮಕ್ಕ ಹರಳೆಣ್ಣೆ ಬಟ್ಟಲು ಹಿಡಿದು ಬಚ್ಚಲ ಕಡೆ ಹೋದಳು.

ನಾಲ್ಕನೆಯ ಗಿಳಿ ಮಾತ್ರ ನೆಟ್ಟಗೆ ಬಂದಿತ್ತು. ಅದೂ ಹಳೇ ಬೆಡ್‌ಶೀಟಿನದು. ಅಭ್ಯಾಸಕ್ಕೆಂದು ಹೊಲಿದದ್ದು. ಇನ್ನು ಕೈಹಾಕಬೇಕಾದದ್ದು ಅಮ್ಮನ ಸೀರೆಗೆ.

ಸಂಗೀತಾ ಮತ್ತು ಕೃತಿಕಾ ಅಜ್ಜಂಪುರದ ಅಕ್ಕತಂಗಿಯರು. ಇಬ್ಬರ ನಡುವೆ ಹನ್ನೊಂದು ವರ್ಷದ ಅಂತರ. ತಾಯಿ ಸಾವಿತ್ರಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಡೂರಿಗೆ ಮದುವೆಯಾಗಿ ಹೋಗಿದ್ದ ಕೃತಿಕಾಳ ಚೊಚ್ಚಲ ಬಾಣಂತನ ಯಾರು ಮಾಡುವುದು ಎಂಬ ಪ್ರಶ್ನೆ ಬಂದಾಗ ಸಂಗೀತಾ, "ಇಲ್ಲಿಗೆ ಕರ್ಕೊಂಡ್ ಬತ್ತೀನಿ, ಇದೇ ತವರುಮನೆ ಅಂದ್ಕೊಳ್ಳಲಿ," ಎಂದು ಗಂಡ ಮೃತ್ಯುಂಜಯನಿಗೆ ಹೇಳಿ, ಏಳನೇ ತಿಂಗಳಿಗೇ ತಂಗಿಯನ್ನು ತರೀಕೆರೆಗೆ ಕರೆತಂದಿದ್ದಳು. ಹೆಣ್ಣುಮಗು ಹುಟ್ಟಿ ಇವತ್ತಿಗೆ ಒಂಬತ್ತು ದಿನ.

ಅವರ ಮನೆಯಲ್ಲಿ ಒಂದು ಪದ್ಧತಿ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಬೆನ್ನಿಗೆ ಮೊದಲು ತಾಗುವುದು ತಾಯಿಯ ತಾಯಿ ಉಟ್ಟು ಮೆತ್ತಗಾದ ಸೀರೆಯ ಬಟ್ಟೆಯೇ ಆಗಿರಬೇಕು. ಗಾನವಿ ಹುಟ್ಟಿದಾಗ ಸಾವಿತ್ರಮ್ಮನೇ ಹೊಲಿದ ಕೌದಿ ಬಂದಿತ್ತು, ಚೌಕ ಚೌಕವಾಗಿ, ಸಣ್ಣ ಕೈಹೊಲಿಗೆಯಲ್ಲಿ. ಈಗ ಅದು ಸವೆದು ಜಾಳುಜಾಳಾಗಿ ಇಸ್ತ್ರಿಯ ಮೇಜಿನ ಹಾಸಾಗಿತ್ತು. ಸಂಗೀತಾ ಅಂಥದ್ದೇ ಇನ್ನೊಂದು ಚೌಕದ ಕೌದಿ ಹೊಲಿದು ಮುಗಿಸುತ್ತಿದ್ದಳೇನೋ. ಆದರೆ ಗಾನವಿ ಒಂದು ಮಧ್ಯಾಹ್ನ ಫೋನಿನಲ್ಲಿ ಕಾಗದದ ಮೇಲೆ ಕೌದಿ ಹೊಲಿಯುವ ವಿಡಿಯೋ ತೋರಿಸಿದ್ದಳು, ಪಕ್ಕದಲ್ಲಿ ಕೂತಿದ್ದ ಕೃತಿಕಾ ಅದರಲ್ಲಿನ ಗಿಳಿಯನ್ನು ನೋಡಿದ್ದಳು.

"ಅಕ್ಕ, ನಡುವೆ ಒಂದು ಗಿಳಿ ಮಾಡ್ತೀಯಾ? ಅಮ್ಮನ ಹಸಿರು ಸೀರೇಲಿ?"

ಬಸುರಿ ಕೇಳಿದ್ದು ಅದೊಂದೇ. ಹುಣಸೆಕಾಯಿ ಕೇಳಲಿಲ್ಲ, ಮಾವಿನಕಾಯಿ ಕೇಳಲಿಲ್ಲ. ಸಂಗೀತಾ ಆಗಲಿ ಎಂದಳು.

ಕೆಲಸ ನೋಡುವುದಕ್ಕೆ ಸುಲಭ. ಗಿಳಿಯ ಚಿತ್ರವನ್ನು ಗೆರೆಗೆರೆಯಾಗಿ, ತುಂಡುತುಂಡಾಗಿ ಕಾಗದದ ಮೇಲೆ ಪ್ರಿಂಟ್ ಮಾಡಿರುತ್ತಾರೆ. ಗೆರೆ ಇರುವ ಮುಖ ಮೇಲಕ್ಕೆ, ಬಟ್ಟೆ ಕಾಗದದ ಕೆಳಕ್ಕೆ. ಗೆರೆಯ ಮೇಲೆ ಮಿಷನ್ ಓಡಿಸಬೇಕು, ಚೂರನ್ನು ಮಗುಚಿ ಬೆರಳಿನಿಂದ ತೀಡಬೇಕು, ಪಕ್ಕದ ಚೂರು ಇಟ್ಟು ಮತ್ತೆ ಗೆರೆಯ ಮೇಲೆ ಓಡಿಸಬೇಕು. ಎಲ್ಲ ಮುಗಿದ ಮೇಲೆ ಕಾಗದ ಹರಿದು ತೆಗೆದರೆ ಕೆಳಗೆ ಗಿಳಿ. ಕೈಯಲ್ಲಿ ಎಷ್ಟು ಹೆಣಗಿದರೂ ಬಾರದ ಚೂಪು ಮೂಲೆಗಳು ಕಾಗದದಿಂದಾಗಿ ತಾವೇ ಬರುತ್ತವೆ.

"ನಿಮ್ಮಜ್ಜಿನೂ ಕಾಗದ ಇಟ್ಟು ಹೊಲೀತಿದ್ರು," ಎಂದು ಸಂಗೀತಾ ಮಗಳಿಗೆ ಹೇಳಿದ್ದಳು. ಅದು ಸುಳ್ಳಲ್ಲ. ಅಜ್ಜಂಪುರದ ಮನೆಯ ಪಡಸಾಲೆಯಲ್ಲಿ ಸಾವಿತ್ರಮ್ಮ ಕೇರಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಡುತ್ತಿದ್ದಳು. ನೈಲಾನ್ ಬಟ್ಟೆ ಮಿಷನ್ನಿನ ಹಲ್ಲಿಗೆ ಸಿಕ್ಕದೆ ಜಾರುತ್ತದೆ ಎಂದು ಅಡಿಗೆ ಹಳೇ ಪೇಪರಿನ ಪಟ್ಟಿ ಇಡುತ್ತಿದ್ದಳು. ಆಮೇಲೆ ಆ ಪಟ್ಟಿ ಹರಿಯುವುದು ಸಂಗೀತಾಳ ಕೆಲಸ. ಕಂಕುಳ ಹತ್ತಿರ ಚೂರು ಉಳಿದುಬಿಟ್ಟರೆ, "ಸಾವಿತ್ರಮ್ಮ, ನಿನ್ ಮಗಳು ನನ್ ತೋಳೊಳಗೆ ಪೇಪರ್ ಬಿಟ್ಟವ್ಳೆ, ಮದ್ವೆ ಮನೇಲಿ ಪರಪರ ಅಂತಿತ್ತು," ಎಂದು ಎದುರು ಮನೆಯ ಕಾಂತಮ್ಮ ಬೀದಿಯಿಂದಲೇ ಕೂಗುತ್ತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಕೃತಿಕಾ ತನ್ನ ಸೂಟ್‌ಕೇಸಿನ ತಳದಿಂದ ಆ ಬಟ್ಟೆಯನ್ನು ತೆಗೆದುಕೊಟ್ಟಳು. ಸಾವಿತ್ರಮ್ಮ ಹೋದ ಮೇಲೆ ಅವಳ ಸೀರೆಗಳನ್ನೆಲ್ಲ ಹಂಚಿಬಿಟ್ಟಿದ್ದರು. ಈ ಒಂದು ತುಂಡು ಮಾತ್ರ, ಹಾಸ್ಟೆಲಿನಲ್ಲಿದ್ದಾಗ ದಿಂಬಿಗೆ ಸುತ್ತಿಕೊಳ್ಳಲೆಂದು ತಾಯಿಯೇ ಹರಿದುಕೊಟ್ಟದ್ದು, ಕೃತಿಕಾಳ ಹತ್ತಿರ ಉಳಿದಿತ್ತು. ಮೊಳದುದ್ದ, ಅದಕ್ಕಿಂತ ಕಡಿಮೆ ಅಗಲ.

"ಇಷ್ಟೇ ಅಕ್ಕ ಇರೋದು."

"ಗೊತ್ತು ಕಣೇ. ಮೂರು ಚೂರು ಸಾಕು. ಎದೆ, ರೆಕ್ಕೆ, ಬಾಲ."

"ನೀನ್ ಹೊಲೀತೀಯಾ ಅಂತ ಕೊಡ್ತಿದೀನಿ. ಬೇರೆ ಯಾರ್ಗೂ ಕೊಡ್ತಿರ್ಲಿಲ್ಲ."

ಸಂಗೀತಾ ಅದನ್ನು ಕತ್ತರಿಸುವ ಮಣೆಯ ಮೇಲೆ ಹರಡಿಕೊಂಡಳು. ಕೈಮಗ್ಗದ ಸೀರೆ. ನೂಲಿಗೇ ಬಣ್ಣ ಹಾಕಿ ನೇಯ್ದದ್ದರಿಂದ ಹೊಸದರಲ್ಲಿ ಎರಡೂ ಮುಖ ಒಂದೇ ಹಾಗಿದ್ದಿರಬೇಕು. ಸಾವಿತ್ರಮ್ಮ ಅದನ್ನು ಎರಡು ಸೀರೆಯ ಹಾಗೆ ಉಡುತ್ತಿದ್ದಳು. ಮನೆಗೆಲಸಕ್ಕೆ ಉಡುವಾಗ ಒಂದು ಮುಖ ಹೊರಗೆ, ಬುಕ್ಕಾಂಬುಧಿಯ ತವರಿಗೋ ಯಾರದೋ ಮನೆಯ ಅಕ್ಷತೆಗೋ ಹೊರಟಾಗ ಇನ್ನೊಂದು ಮುಖ ಹೊರಗೆ. ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ, ಬಿಸಿಲಿನಲ್ಲಿ ಕಾಳು ಹಸನು ಮಾಡುವಾಗ ದುಡಿದ ಮುಖ ಒಣಗಿದ ಬೇವಿನೆಲೆಯ ಬಣ್ಣಕ್ಕೆ ತಿರುಗಿತ್ತು, ಸಣ್ಣಗೆ ನೂಲಿನ ಜುಂಗು ಎದ್ದಿತ್ತು. ಹೊರಟಾಗ ಉಟ್ಟ ಮುಖ ಇನ್ನೂ ಗಿಳಿಹಸಿರು. ಗಿಳಿಗೆ ಯಾವ ಮುಖ ಎಂದು ಯೋಚಿಸುವ ಮಾತೇ ಇರಲಿಲ್ಲ.

ಬೆಡ್‌ಶೀಟಿನ ಗಿಳಿಗಾದರೆ ಅವಳು ಚೂರುಗಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಹರಿದು, ಹೊಲಿದ ಮೇಲೆ ಅಂಚು ಕತ್ತರಿಸಿಕೊಂಡಿದ್ದಳು. ಇಲ್ಲಿ ಆ ಧಾರಾಳ ಸಾಧ್ಯವಿರಲಿಲ್ಲ. ಮಿಕ್ಕಿದ್ದ ಒಂದು ಪ್ರಿಂಟಿನಿಂದ ಎದೆ, ರೆಕ್ಕೆ, ಬಾಲದ ಆಕಾರಗಳನ್ನು ಕತ್ತರಿಸಿಕೊಂಡು, ಕುಪ್ಪಸದ ಅಳತೆ ಕಾಗದ ಇಟ್ಟ ಹಾಗೆ ಬಟ್ಟೆಯ ಮೇಲಿಟ್ಟಳು. ಅಮ್ಮ ಯಾವತ್ತೂ ಬಟ್ಟೆಯನ್ನು ಉಲ್ಟಾ ಹಾಕಿ ಗುರುತು ಮಾಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಆದರೆ ಇವತ್ತು ಒಳ್ಳೆಯ ಮುಖ ಮೇಲಿಟ್ಟುಕೊಂಡಳು. ಎಲ್ಲಿ ಬಣ್ಣ ದಟ್ಟವಾಗಿದೆ, ಎಲ್ಲಿ ನೂಲು ತೆಳುವಾಗಿದೆ ಎಂದು ನೋಡಿ ಆರಿಸಿಕೊಳ್ಳಬೇಕಿತ್ತು. ಸುತ್ತಲೂ ಕಾಲಿಂಚು ಬಿಟ್ಟು ಸೀಮೆಸುಣ್ಣ ಎಳೆದಳು. ಬಚ್ಚಲಿನಿಂದ ತಿಮ್ಮಕ್ಕ ಬಿಸಿನೀರು ಕೇಳಿದಳು. ಎದ್ದು ಹೋಗಿ ಕೊಟ್ಟು ಬಂದಳು. ಸಾರಿಗೆ ಇಂಗು ಹಾಕಿ ಬಂದಳು. ಕೂತು, ಕತ್ತರಿ ಹಿಡಿದು, ಮೂರನ್ನೂ ಒಂದೇ ಉಸಿರಿನಲ್ಲಿ ಕತ್ತರಿಸಿದಳು.

ಎದೆಯ ಚೂರನ್ನು ಕಾಗದದ ಕೆಳಗಿಟ್ಟು, ಬೆಳಕಿಗೆ ಹಿಡಿದು ನೋಡಿದಾಗ ಕತ್ತಿನ ಕಡೆ ಬಟ್ಟೆ ಇರಲಿಲ್ಲ, ಹೊಟ್ಟೆಯ ಕಡೆ ಬೇಡದಷ್ಟಿತ್ತು. ಆ ಕಡೆ ಈ ಕಡೆ ಸರಿಸಿದಳು. ರೆಕ್ಕೆಯನ್ನಿಟ್ಟು ನೋಡಿದಳು. ಅದೂ ಹಾಗೇ. ಬಾಲವನ್ನು ಇಡುವ ಮೊದಲೇ ಅವಳಿಗೆ ತಿಳಿಯಿತು. ಕಾಗದದ ಗೆರೆ ಮೇಲಿದ್ದರೆ ಗಿಳಿ ಇರುವುದು ಕಾಗದದ ಹಿಂದೆ. ಗೆರೆಯಲ್ಲಿ ಎಡಕ್ಕೆ ಇದ್ದದ್ದು ಬಟ್ಟೆಯಲ್ಲಿ ಬಲಕ್ಕೆ ಬರಬೇಕು. ಅಮ್ಮನ ಹಾಗೆ ಬಟ್ಟೆಯನ್ನು ಉಲ್ಟಾ ಹಾಕಿ ಕತ್ತರಿಸಿದ್ದರೆ ತಾನಾಗಿ ಸರಿಹೋಗುತ್ತಿತ್ತು. ಇಲ್ಲಿ ಮೂರಕ್ಕೆ ಮೂರೂ ತಿರುಗುಮುರುಗು. ಮಣೆಯ ಮೇಲೆ ಉಳಿದದ್ದು ಬೆರಳಗಲದ ಪಟ್ಟಿಗಳು.

ಅವಳು ಮೂರು ಚೂರುಗಳನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. ಯಾರೂ ನೋಡುತ್ತಿರಲಿಲ್ಲ, ಆದರೂ.

ಇದೇ ತಪ್ಪನ್ನು ಅವಳು ಮೊದಲೊಮ್ಮೆ ಮಾಡಿದ್ದು ಐದನೇ ಕ್ಲಾಸಿನ ದಸರಾ ರಜೆಯಲ್ಲಿ. ಕಾಂತಮ್ಮನ ನೇರಳೆ ಕುಪ್ಪಸದ ಬಟ್ಟೆ. ಅಮ್ಮ ಸಂತೆಗೆ ಹೋಗಿದ್ದಾಗ ತಾನೇ ಕತ್ತರಿಸಿ ತೋರಿಸಬೇಕೆಂದು ಹೊರಟು, ಎರಡೂ ತೋಳನ್ನು ಒಂದೇ ಕೈಗೆ ಕತ್ತರಿಸಿಟ್ಟಿದ್ದಳು. ಅಮ್ಮ ಬಂದು ನೋಡಿ ಬೈಯಲಿಲ್ಲ. ತೋಳುಗಳನ್ನು ಚಾಪೆಯ ಮೇಲೆ ಜೋಡಿಸಿ, "ಹಾಕ್ಕೊಂಡ್ ತೋರ್ಸು," ಎಂದಳು. ಎರಡನ್ನೂ ಎಡಗೈಗೆ ಏರಿಸಿಕೊಂಡು ನಿಂತ ಮಗಳನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಮುಖ ತೊಳೆಸಿ, ಜಡೆ ಸರಿಮಾಡಿ, ಕೈಹಿಡಿದು ಬೀದಿ ದಾಟಿಸಿ ಕಾಂತಮ್ಮನ ಜಗುಲಿಯ ಮುಂದೆ ನಿಲ್ಲಿಸಿದಳು. ತಾನು ಹಿಂದೆ ನಿಂತಳು. "ಹೇಳು," ಎಂದಳು, ಅಷ್ಟೇ. ಹೇಳಿ ಮುಗಿಸುವವರೆಗೂ ಅಮ್ಮನ ಅಂಗೈ ಹೆಗಲಿನ ಮೇಲಿತ್ತು. ಕಾಂತಮ್ಮ ಬಟ್ಟೆಯನ್ನೂ ಹುಡುಗಿಯನ್ನೂ ನೋಡಿ, "ನಂಗೆ ಇನ್ನೊಂದ್ ಎಡಗೈ ಬಂದ್ಮೇಲೆ ಹಾಕ್ಕೊತೀನಿ ಬಿಡು," ಎಂದಿದ್ದಳು. ಮನೆಗೆ ಬಂದ ಮೇಲೆ ಅಮ್ಮ ಕಾಂತಮ್ಮನಿಗೆಂದು ತನ್ನದೇ ಒಂದು ಹೊಸ ಕುಪ್ಪಸದ ಕಣದ ಬಟ್ಟೆ ತೆಗೆದಳು, ಸಂಗೀತಾಳ ಕೈಲೇ ಮತ್ತೆ ತೋಳು ಕತ್ತರಿಸುವಂತೆ ಮಾಡಿದಳು.

"ಅಮ್ಮ, ಯಾಕೆ ಹಿಂಗೆ ಕೂತಿದೀಯಾ?" ಗಾನವಿ ಟ್ಯೂಷನ್ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು.

ಸಂಗೀತಾ ಸೆರಗು ಸರಿಸಿ ತೋರಿಸಿದಳು. ಹುಡುಗಿ ಕಾಗದವನ್ನೂ ಚೂರುಗಳನ್ನೂ ತಿರುವಿ ನೋಡಿ ಪಿಳಿಪಿಳಿ ಕಣ್ಣುಬಿಟ್ಟಳು.

"ಚಿಕ್ಕಮ್ಮಂಗೆ ಹೇಳಿದ್ಯಾ?"

"ಇಲ್ಲ ಕಣೇ."

"ಹೇಳ್ಬೇಡ. ಮ್ಯಾಚಿಂಗ್ ಸೆಂಟರ್‌ನಲ್ಲಿ ಇಂಥದ್ದೇ ಹಸಿರು ಸಿಗುತ್ತೆ. ಒಂದು ಪಟ್ಟಿ ಹಿಡ್ಕೊಂಡ್ ಹೋಗಿ ತತ್ತೀನಿ. ನಾಲ್ಕ್ ಸಲ ನೀರಿಗೆ ಹಾಕಿದ್ರೆ ಹಳೇದರಂಗೇ ಆಗುತ್ತೆ. ಯಾರ್ಗೆ ಗೊತ್ತಾಗುತ್ತೆ?"

ಬೇಡ ಎನ್ನಲು ಸಂಗೀತಾ ಬಾಯಿ ತೆರೆದಳು. ಆದರೆ ಒಂದು ಪಟ್ಟಿಯನ್ನು ಮಗಳ ಕೈಗಿಟ್ಟಳು. ಹುಡುಗಿ ಹೋಗಿ ಅರ್ಧ ಗಂಟೆಯಲ್ಲಿ ಬಂದಳು. ಬಣ್ಣ ಎಷ್ಟು ಹೊಂದಿತ್ತೆಂದರೆ ಪಟ್ಟಿಯನ್ನು ಅದರ ಮೇಲಿಟ್ಟರೆ ಹುಡುಕಬೇಕಾಗುತ್ತಿತ್ತು. ಸಂಗೀತಾ ಅದನ್ನು ಬಿಸಿನೀರಿನಲ್ಲಿ ಹಿಂಡಿ, ಇಸ್ತ್ರಿಯಲ್ಲೇ ಒಣಗಿಸಿ, ಹೊಸ ಕಾಗದ ತೆಗೆದುಕೊಂಡಳು. ಸಣ್ಣ ಹೊಲಿಗೆ ಇಟ್ಟಳು. ಈ ಸಲ ಉಲ್ಟಾ ಸೀದಾ ಎರಡೆರಡು ಬಾರಿ ನೋಡಿಕೊಂಡಳು. ಎದೆ ಕೂತಿತು. ಕಾಗದ ಮಗುಚಿ ನೋಡಿದರೆ ಅಂಗಡಿಯ ಹಸಿರು ಎದೆಯುಬ್ಬಿಸಿ ನಿಂತಿತ್ತು. ಮೂರು ದಿನದಿಂದ ಕಲಿತದ್ದೆಲ್ಲ ಅದರಲ್ಲಿತ್ತು, ಒಂದು ಎಳೆ ಆಚೀಚೆ ಆಗಿರಲಿಲ್ಲ.

ಆಗ ತಿಮ್ಮಕ್ಕ ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ಮಗು ಮುಖ ಕೆಂಪಗಾಗಿ, ಅತ್ತು ಸುಸ್ತಾಗಿ ಮಲಗಿತ್ತು. ಮಿಷನ್ನಿನ ಮೇಲೆ ಬಗ್ಗಿ ತಿಮ್ಮಕ್ಕ ಕೇಳಿದಳು.

"ಇದೇ ಏನವ್ವ ನಿಮ್ಮವ್ವನ ಸೀರೆ?"

ಹೂಂ ಎನ್ನಲು ಒಂದು ಕ್ಷಣ ಸಾಕಿತ್ತು. ಸಂಗೀತಾಳಿಗೆ ಆ ಹೂಂ ಬರಲಿಲ್ಲ. ಮಗುವಿನ ಬೆನ್ನು ತಿಮ್ಮಕ್ಕನ ಅಂಗೈಯಲ್ಲಿ ಅಡಗಿಹೋಗಿತ್ತು. ಅದರ ಕೆಳಗೆ ಈ ಬಟ್ಟೆ ಬರುತ್ತದೆ. ಕೃತಿಕಾ ದಿನಾ ಅದನ್ನು ಸವರುತ್ತಾಳೆ, ಅಮ್ಮ ಎಂದುಕೊಂಡು.

"ಅಲ್ಲ ತಿಮ್ಮಕ್ಕ. ಅಂಗಡೀದು."

ಅವಳು ಎದ್ದು, ಮೂರು ಚೂರುಗಳನ್ನೂ ಬೆರಳಗಲದ ಪಟ್ಟಿಗಳನ್ನೂ ಮಡಿಲಿಗೆ ಹಾಕಿಕೊಂಡು ಬಾಣಂತಿಯ ಕೋಣೆಗೆ ಹೋದಳು. ಕೃತಿಕಾ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಮಂಚದ ಮೇಲೆ ಕೂತು ಮೆಣಸಿನ ಸಾರಿನ ಅನ್ನ ಕಲಸುತ್ತಿದ್ದಳು.

"ಕೃತಿ, ಅಮ್ಮನ ಬಟ್ಟೆ ಕೆಡಿಸ್ದೆ ಕಣೇ. ತಿರುಗುಮುರುಗು ಕತ್ತರಿಸ್ಬಿಟ್ಟೆ."

ತಂಗಿಯ ಕೈ ತಟ್ಟೆಯಲ್ಲೇ ನಿಂತಿತು. "ಎಲ್ಲಾನೂ?"

"ಮೂರೂ. ಉಳ್ದಿರೋದು ಇಷ್ಟು. ಅಂಗಡಿಯಿಂದ ಇಂಥದ್ದೇ ತರ್ಸಿ ಹೊಲಿಯೋಕ್ಕೂ ಶುರು ಮಾಡಿದ್ದೆ. ನಿಂಗೆ ಹೇಳ್ಬಾರ್ದು ಅಂತಿದ್ದೆ."

ಕೃತಿಕಾಳ ಕಣ್ಣಿನಿಂದ ನೀರು ಇಳಿದು ಸ್ಕಾರ್ಫಿನ ಗಂಟಿನ ಹತ್ತಿರ ನಿಂತಿತು. ಸಂಗೀತಾ ಮಂಚದ ತುದಿಯಲ್ಲಿ ಕೂತಳು. ಬಾಣಂತಿ ಅಳಬಾರದು ಎಂದು ಹೇಳುವ ಹಕ್ಕು ಇವತ್ತು ತನಗಿಲ್ಲ ಎನ್ನಿಸಿತು. ಹೊರಗೆ ತಿಮ್ಮಕ್ಕ ಮಗುವನ್ನು ತಟ್ಟುತ್ತ ಏನೋ ಗುನುಗುತ್ತಿದ್ದಳು.

"ನೀನು ನನ್ನ ಹೊಸ ಲಂಗಕ್ಕೆ ಇಸ್ತ್ರಿ ಇಟ್ಟು ಸುಟ್ಟಿದ್ದೆ," ಎಂದಳು ಕೃತಿಕಾ ಕೊನೆಗೆ. "ಆವತ್ತೂ ಹಿಂಗೇ ಬಂದು ಹೇಳಿದ್ದೆ. ಮುಖ ಇಷ್ಟೇ ಉದ್ದ ಮಾಡ್ಕೊಂಡು."

"ಆವತ್ತು ನೀನು ನಂಗೆ ಕಚ್ಚಿದ್ದೆ."

"ಈಗ್ಲೂ ಕಚ್ತಿದ್ದೆ, ಬಾಯಲ್ಲಿ ಅನ್ನ ಇದೆ." ಕೃತಿಕಾ ಕೈ ತೊಳೆದು, ಸೀರೆಗೆ ಒರೆಸಿಕೊಂಡಳು. "ತತ್ತಾ ಇಲ್ಲಿ. ಕಾಗದಾನೂ ತಾ."

ಅವಳು ಚೂರುಗಳನ್ನು ದಿಂಬಿನ ಮೇಲೆ ಹರಡಿ, ಕಾಗದ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದಳು. ಎದೆಯ ಚೂರನ್ನು ಮಗುಚಿದಳು. ದುಡಿದ ಮುಖ ಮೇಲೆ ಬಂತು. ಕಾಗದದ ಹಿಂದಿಟ್ಟಳು. ಕತ್ತಿನಿಂದ ಹೊಟ್ಟೆಯವರೆಗೂ ಸರಿಯಾಗಿ ಕೂತಿತು.

"ಹಿಂಗೆ ಹಾಕಿದ್ರೆ ಬತ್ತದಲ್ಲ."

"ಬತ್ತದೆ. ನಂಗೂ ಗೊತ್ತಿತ್ತು. ಆದ್ರೆ ಅದು ಮಾಸಿರೋ ಕಡೆ ಕಣೇ. ತೊಟ್ಟಿಲಿಗೆ ಹಾಕೋ ದಿನ ಕಡೂರಿನೋರೆಲ್ಲ ಬತ್ತಾರೆ. ನಿಮ್ಮತ್ತೆ ಏನಂತಾರೆ? ತಾಯಿಲ್ಲದ ಮನೆ, ಹಳೇ ಚಿಂದಿ ಹಾಕಿ ಕಳ್ಸಿದ್ರು ಅಂತಾರೆ."

"ಆ ಹಸಿರು ಕಡೆ ಅಮ್ಮ ಬೀಗರಿಗೆ ಉಟ್ಕೊಂಡಿದ್ದು," ಎಂದಳು ಕೃತಿಕಾ. ಬೆರಳಿನಿಂದ ಜುಂಗನ್ನು ಸವರುತ್ತಿದ್ದಳು. "ಆ ಕಡೆ ಹೊರಗಿದ್ರೆ ನಾನು ಹತ್ರ ಹೋಗೋ ಹಂಗೇ ಇರ್ತಿರ್ಲಿಲ್ಲ. ಕೈ ತೊಳ್ಕೊಂಡ್ ಬಾ, ಸೀರೆ ಕೊಳೆ ಮಾಡ್ಬೇಡ, ಅನ್ನೋಳು. ಬಸ್ ಇಳಿದು ಮನೆಗ್ ಬಂದು, ತಿರುವಿ ಉಟ್ಕೊಂಡ್ ಮೇಲೇ ನನ್ನ ಎತ್ಕೊಳ್ಳೋಳು. ನಾನು ಮುಖ ಒರೆಸ್ಕೊಂಡಿದ್ದೆಲ್ಲ ಈ ಕಡೆಗೇ ಅಕ್ಕ. ನೀನೂನೂ."

ಸಂಗೀತಾ ಆ ಚೂರನ್ನು ತೆಗೆದುಕೊಂಡು ನೋಡಿದಳು. ಒಂದು ಮೂಲೆಯಲ್ಲಿ ಅರಿಶಿನದ ಕಲೆ ಇತ್ತು, ಮೂವತ್ತು ವರ್ಷದ ನೀರಿಗೂ ಹೋಗದೆ ತಿಳಿಯಾಗಿ ನಿಂತದ್ದು. ಅಮ್ಮ ಸಾರಿಗೆ ಪುಡಿ ಹಾಕಿ, ಬೆರಳನ್ನು ಸೊಂಟದ ಹತ್ತಿರ ಒರೆಸಿಕೊಳ್ಳುತ್ತಿದ್ದಳು. ಮಿಷನ್ ತುಳಿಯುತ್ತ ಕೂತಿದ್ದಾಗ ಅವಳ ಮಂಡಿಗೆ ಕೆನ್ನೆ ಕೊಟ್ಟರೆ ಈ ಜುಂಗೇ ತಾಗುತ್ತಿತ್ತು. ಮಿಷನ್ನಿನ ನಡುಕ ಕಾಲಿನಿಂದ ಬಂದು ಹಲ್ಲಿನವರೆಗೂ ಹತ್ತುತ್ತಿತ್ತು. ಮೂರು ದಿನ ಬಟ್ಟೆಯನ್ನು ಉಲ್ಟಾ ಸೀದಾ ಎಂದು ಲೆಕ್ಕ ಹಾಕಿದವಳು, ಇದನ್ನು ಒಂದು ಸಲವೂ ಕೆನ್ನೆಗೆ ಇಟ್ಟು ನೋಡಿರಲಿಲ್ಲ.

"ನಿಮ್ಮತ್ತೆ ಕೇಳಿದ್ರೆ?"

"ನಾನ್ ಹೇಳ್ಕೋತೀನಿ. ನೀನ್ ಹಿಂದೆ ನಿಂತ್ಕೊ."

ಸಂಗೀತಾ ಎದ್ದು ಹೋಗಿ ಅಂಗಡಿಯ ಹಸಿರಿನ ಹೊಲಿಗೆ ಬಿಚ್ಚಿದಳು. ಸಣ್ಣ ಹೊಲಿಗೆ ಬಿಚ್ಚುವುದು ಬಹಳ ಕಷ್ಟ. ಹನ್ನೆರಡು ಹೊಲಿಗೆ ಬಿಚ್ಚುವಷ್ಟರಲ್ಲಿ ಕಾಗದ ಹರಿಯಿತು. ಗಾನವಿ ಇನ್ನೊಂದು ಪ್ರಿಂಟ್ ತಂದುಕೊಟ್ಟಳು, ಈ ಸಲ ತಾನೇ ಸ್ಕೇಲ್ ಇಟ್ಟು ಅಳೆದು ತಂದಿದ್ದಳು. "ಆ ಹಸಿರು ಬಟ್ಟೆ ಏನ್ ಮಾಡೋದು?" ಎಂದಳು. "ನಿಂಗೆ ಒಂದು ಚೀಲ ಹೊಲ್ಕೊ, ಕಲ್ತ್ಕೊ," ಎಂದಳು ಸಂಗೀತಾ. ಮಿಷನ್ನನ್ನು ಮಂಚದ ಪಕ್ಕಕ್ಕೇ ತಳ್ಳಿಸಿಕೊಂಡು, ಮಾರನೆಯ ದಿನ ಮಧ್ಯಾಹ್ನ ಅನ್ನಕ್ಕೆ ಇಟ್ಟು ಬಂದು, ಮಗು ಮಲಗಿದ ಹೊತ್ತು ನೋಡಿ, ಎದೆ, ರೆಕ್ಕೆ, ಬಾಲ ಒಂದೊಂದಾಗಿ ಹೊಲಿದಳು. ರೆಕ್ಕೆಯ ತುದಿ ಒಂದು ನೂಲಿನಷ್ಟು ಮೊಂಡಾಯಿತು. ಬಿಚ್ಚಲು ಹೊರಟವಳ ಕೈಯನ್ನು ಕೃತಿಕಾ ತಡೆದಳು.

"ಸಾಕು ಬಿಡು, ಮತ್ತೆ ಬಿಚ್ಚಿದ್ರೆ ಆ ಬಟ್ಟೆ ತಡ್ಯಲ್ಲ."

ಕಾಗದ ಹರಿಯುವ ಕೆಲಸವನ್ನು ತಂಗಿ ತಾನೇ ಕೇಳಿ ತೆಗೆದುಕೊಂಡಳು. ಗೆರೆಯ ಮೇಲೆ ಉಗುರಿನಿಂದ ತೀಡಿ, ಒಂದು ಬೆರಳಿನಲ್ಲಿ ಹೊಲಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೆಲ್ಲಗೆ ಎಳೆದಳು. ಚೂರುಗಳು ಹಾಸಿಗೆಯ ತುಂಬ ಬಿದ್ದವು. ಕೊಕ್ಕಿನ ಹಿಂದೆ ಒಂದು ಚೂರು ಮಾತ್ರ ಎಷ್ಟು ಎಳೆದರೂ ಬರಲಿಲ್ಲ.

"ಸೂಜಿ ಕೊಡು ಅಕ್ಕ."

"ಬಿಡೇ ಅದನ್ನ," ಎಂದಳು ಸಂಗೀತಾ, ಮಗುವಿನ ಪಕ್ಕದಲ್ಲಿ ಕಾಲು ಚಾಚಿಕೊಳ್ಳುತ್ತ. "ಇವಳು ಎರಡು ಸಲ ಒದ್ದೆ ಮಾಡಿದ್ರೆ ತಾನೇ ನೆಂದು ಹೋಗುತ್ತೆ."